ರಸ್ತೆ ಕಾಮಗಾರಿಯ ಸ್ಥಳಗಳಲ್ಲಿ ವಾಹನ ಸಂಚಾರ ಮತ್ತು ಕುಟುಂಬದ ಸುರಕ್ಷತೆ



ಕುಟುಂಬ ಕಲ್ಯಾಣವೆಂದೊಡನೆ ಹೆರಿಗೆ, ಚುಚ್ಚುಮದ್ದು, ಪೌಷ್ಟಿಕ ಆಹಾರ ಇವೇ ನಮ್ಮ ನೆನಪಿಗೆ ಬರುತ್ತವೆ. ರಸ್ತೆ ಕಾಮಗಾರಿಯ ವಿಷಯವನ್ನು ವೈದ್ಯರೇಕೆ ಮಾತನಾಡಬೇಕೆಂದು ತಾವು ಕೇಳಬಹುದು. ದುಡಿಯುವ ವಯಸ್ಸಿನ ತಂದೆಯೊಬ್ಬನು ತಲೆಗೆ ಪೆಟ್ಟು ಬಿದ್ದು ಹಾಸಿಗೆ ಹಿಡಿದರೆ, ಆ ಮನೆಯ ಮಗುವಿನ ಹಾಲು, ಶಾಲೆ, ಔಷಧ ಎಲ್ಲಕ್ಕೂ ಕೊರತೆಯುಂಟಾಗುತ್ತದೆ. ಆದುದರಿಂದ ಇದು ನಮ್ಮ ಇಲಾಖೆಗೂ ಸಂಬಂಧಿಸಿದ ವಿಷಯವೇ ಆಗಿದೆ.

ಕಾಮಗಾರಿಯು ನಾಲ್ಕು ದಿನದ ತೊಂದರೆಯೆಂದು ಭಾವಿಸಬಾರದು. ನಮ್ಮ ಕರಾವಳಿಯಲ್ಲಿ ಗೋವಾ ಗಡಿಯಿಂದ ಕುಂದಾಪುರದವರೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲಗೊಳಿಸುವ ಕೆಲಸವು 2014ರಲ್ಲಿ ಆರಂಭವಾಯಿತು. 2024ರಲ್ಲಿಯೂ ಅದು ಪೂರ್ಣಗೊಂಡಿರಲಿಲ್ಲ. ಕೆಲಸ ಆರಂಭವಾದಾಗ ತೊಟ್ಟಿಲಲ್ಲಿದ್ದ ಮಗು ಅಷ್ಟರಲ್ಲಿ ಶಾಲೆಯಲ್ಲಿ ನಾಲ್ಕೈದು ತರಗತಿ ಕಳೆದಿರುತ್ತದೆ. ದಿನವೂ ಓಡಾಡುವ ದಾರಿಯೆಂದು ನಮಗೆ ಸಲಿಗೆ ಬೆಳೆಯುತ್ತದೆ. ಆದರೆ ನಿನ್ನೆ ಎಡಕ್ಕಿದ್ದ ಬದಲಿ ಮಾರ್ಗವು ಇಂದು ಬಲಕ್ಕಿರಬಹುದು. ನಿನ್ನೆ ಸಮತಟ್ಟಾಗಿದ್ದ ಕಡೆ ಇಂದು ಮೋರಿಗಾಗಿ ಗುಂಡಿ ತೋಡಿರಬಹುದು.

ಮುಖ್ಯವಾದ ಮಾತು ವೇಗಕ್ಕೆ ಸಂಬಂಧಿಸಿದ್ದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಡ್ಡಿಯನ್ನು ಕಂಡು, ಅದು ಮನಸ್ಸಿಗೆ ನಾಟಿ, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡಾದರೂ ಕಳೆಯುವುದುಂಟು. ಅಷ್ಟರಲ್ಲಿ 25 ಮೀಟರ್ ಮುಗಿಯಿತು. ಅನಂತರ ಒಣಗಿದ ಒಳ್ಳೆಯ ಡಾಂಬರಿನ ಮೇಲೆ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. ಬಿಡಿ ಜಲ್ಲಿಯಿದ್ದಲ್ಲಿ ಈ ದೂರ ಇನ್ನೂ ಹೆಚ್ಚು. ವೇಗವನ್ನು 30ಕ್ಕೆ ಇಳಿಸಿದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರವು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಢಿಕ್ಕಿಯ ಶಕ್ತಿಯೂ ಹಾಗೆಯೇ. ಆದುದರಿಂದ ವೇಗವನ್ನು ತಗ್ಗಿಸಬೇಕಾದುದು ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಫಲಕದ ಬಳಿಯೇ ಹೊರತು, ಅಡ್ಡ ಇಟ್ಟ ಡ್ರಮ್ಮುಗಳು ಕಣ್ಣೆದುರಿಗೆ ಬಂದ ಮೇಲೆ ಅಲ್ಲ.

ದ್ವಿಚಕ್ರ ವಾಹನದವರಿಗೆ ಅಪಾಯ ಹೆಚ್ಚು. ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಥಟ್ಟನೆ ಹಿಡಿದರೆ ಚಕ್ರ ಜಾರುತ್ತದೆ. ಹಳೆಯ ಡಾಂಬರಿಗೂ ಹೊಸದಕ್ಕೂ ನಡುವೆ ಉಳಿದ ಅಂಚನ್ನು ಓರೆಯಾಗಿ ಹತ್ತಲು ಹೋಗಿ ಬೀಳುವವರು ಬಹಳ. ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ, ಮಡಿಲಲ್ಲಿ ಕೂಸನ್ನು ಹಿಡಿದು ಕುಳಿತ ತಾಯಿಗೆ ಇಂತಹ ಕುಲುಕಾಟದಲ್ಲಿ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ. ಸೆರಗು ಚಕ್ರಕ್ಕೆ ಸಿಕ್ಕದಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಿರಿ. ನಾಲ್ಕು ವರ್ಷದೊಳಗಿನ ಮಗುವನ್ನು ಚಾಲಕನಿಗೆ ರಕ್ಷಾಪಟ್ಟಿಯಿಂದ ಬಿಗಿಯಬೇಕು, ಒಂಬತ್ತು ತಿಂಗಳು ದಾಟಿದ ಕೂಸಿಗೂ ಹೆಲ್ಮೆಟ್ ಬೇಕು, ವೇಗ 40 ಮೀರಬಾರದು ಎಂಬ ನಿಯಮವು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಗರ್ಭಿಣಿಯರು ಕಾರಿನಲ್ಲಿ ಪಟ್ಟಿಯನ್ನು ಬಿಡಬಾರದು. ಕೆಳಗಿನ ಪಟ್ಟಿಯು ಹೊಟ್ಟೆಯ ಮೇಲಲ್ಲದೆ, ಹೊಟ್ಟೆಯ ಕೆಳಗೆ ತೊಡೆಯ ಬುಡದಲ್ಲಿ ಬರುವಂತೆ ಕಟ್ಟಿಕೊಳ್ಳಬೇಕು.

ರಸ್ತೆಯ ಒಂದು ಬದಿಯನ್ನು ಮುಚ್ಚಿ ಇನ್ನೊಂದರಲ್ಲಿಯೇ ಎರಡೂ ಕಡೆಯ ವಾಹನಗಳನ್ನು ಬಿಡುವಲ್ಲಿ ಹಿಂದಿಕ್ಕುವುದು ಸಲ್ಲದು. ಟಿಪ್ಪರಿನ ಹಿಂದೆ ಧೂಳಿನಲ್ಲಿ ಅಂಟಿಕೊಂಡು ಹೋಗಬೇಡಿರಿ. ಅದು ಹಿಂದಕ್ಕೆ ಬರುವಾಗ ಚಾಲಕನಿಗೆ ನೀವು ಕಾಣುವುದಿಲ್ಲ. ಅಲ್ಲಿ ಬಾವುಟ ಹಿಡಿದು ನಿಂತವರು ಸಾಮಾನ್ಯವಾಗಿ ದೂರದ ಊರಿನಿಂದ ಬಂದ ಕೂಲಿಗಳು. ಅವರ ಕೈಸನ್ನೆಗೆ ಬೆಲೆ ಕೊಡದೆ ನುಗ್ಗುವವರು ವಿದ್ಯಾವಂತರಲ್ಲಿಯೇ ಹೆಚ್ಚೆಂಬುದು ನನ್ನ ಅಭಿಪ್ರಾಯ. ಆ ಕೂಲಿಗಳ ಮಕ್ಕಳು ಅಲ್ಲಿಯೇ ಜಲ್ಲಿಯ ರಾಶಿಯ ಬಳಿ ಆಡುತ್ತಿರುವುದುಂಟು.

ಮಳೆಗಾಲದಲ್ಲಿ ಹೊಸದಾಗಿ ಕಡಿದ ಗುಡ್ಡದ ಕೆಳಗೆ ವಾಹನ ನಿಲ್ಲಿಸಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಪಕ್ಕದ ಚಹದಂಗಡಿಯೂ ನಿಂತಿದ್ದ ವಾಹನಗಳೂ ಕೊಚ್ಚಿಹೋದುವು.

ಅಪಘಾತವೇ ಸಂಭವಿಸಿದರೆ 108ಕ್ಕೆ ಕರೆ ಮಾಡಿರಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕುವ ನಮ್ಮ ರೂಢಿ ಬಹು ಕೆಟ್ಟದ್ದು. ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ರಕ್ತ ಸುರಿಯುವಲ್ಲಿ ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿಯಿರಿ. ಕೈಕಾಲು ಹಿಡಿದು ಎಳೆದು ಆಟೋದಲ್ಲಿ ಮಡಚಿ ಕೂರಿಸಬೇಡಿರಿ, ಬೆನ್ನುಹುರಿಗೆ ಪೆಟ್ಟಾಗಿರಬಹುದು. ನೆರವಾದವರು ತಮ್ಮ ಹೆಸರನ್ನು ಹೇಳಲೇಬೇಕೆಂದು ಒತ್ತಾಯಿಸಲು 2019ರ ತಿದ್ದುಪಡಿಯ ಅನಂತರ ಕಾನೂನಿನಲ್ಲಿ ಅವಕಾಶವಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಯೋಜನೆಯಂತೆ, ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಗಳಷ್ಟು ಚಿಕಿತ್ಸೆ ಹಣ ಕಟ್ಟದೆ ದೊರೆಯುತ್ತದೆ.

ಗುಂಡಿಗೆ ಬೇಲಿಯಿಲ್ಲದಿದ್ದರೆ, ರಾತ್ರಿ ದೀಪವಿಲ್ಲದಿದ್ದರೆ, ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ದೂರು ಹೇಳಿರಿ. ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವಿಕಲತೆಗೆ ಕಾರಣರಾದ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ದೂರು ಹೇಳುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ನೋಡಿ ತಿಳಿಸಿದರೆ ಸ್ಥಳವನ್ನು ಗುರುತಿಸುವುದು ಸುಲಭವಾಗುತ್ತದೆ.