ಎದುರಿಗೆ ಬರೋರ ಕಣ್ಣು



ಇವತ್ತು ರಾಜಕೀಯ ಇಲ್ಲ. ಯಾರು ಯಾವ ಪಕ್ಷ ಬಿಟ್ಟರು, ಯಾರಿಗೆ ಯಾವ ಖಾತೆ ಸಿಕ್ಕಿತು, ಅದನ್ನೆಲ್ಲ ನಾಳೆ ಮಾತಾಡೋಣ. ಇವತ್ತು ನಾನು ಒಂದು ಬಲ್ಬ್ ಬಗ್ಗೆ ಮಾತಾಡ್ತೀನಿ. ನಗಬೇಡಿ. ಹೆಬ್ಬೆರಳಿನ ಗಾತ್ರದ ಬಲ್ಬು. ಆ ಬಲ್ಬಿನಿಂದಾಗಿ ಚಾರ್ಮಾಡಿ ಘಾಟಿಯಲ್ಲಿ ಒಬ್ಬರು ಬೈಕ್ ಸಮೇತ ಚರಂಡಿಗೆ ಬಿದ್ದರು. ಆ ಬಲ್ಬನ್ನ ಹಾಕಿಸು ಅಂತ ಹೇಳಿದ್ದು ಬೇರೆ ಯಾರೂ ಅಲ್ಲ, ನಾನೇ. ದಿನಾ ಈ ಕುರ್ಚಿಯಲ್ಲಿ ಕೂತು ಬೇರೆಯವರನ್ನ ಪ್ರಶ್ನೆ ಮಾಡ್ತೀನಿ. ಇವತ್ತು ಉತ್ತರ ಕೊಡಬೇಕಾದವನು ನಾನು.

ನಮ್ಮ ಭಾವನ ಹತ್ತಿರ ಒಂದು ಪಿಕಪ್ ಇದೆ. ಚಿಕ್ಕಮಗಳೂರಿನಿಂದ ಮಂಗಳೂರಿಗೆ ತರಕಾರಿ ಹೊಡೀತಾರೆ. ರಾತ್ರಿ ಬೀನ್ಸು, ಕೋಸು, ಟೊಮೆಟೊ ಲೋಡ್ ಮಾಡ್ಕೊಂಡು ಹೊರಟ್ರೆ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಇಳಿದು, ಉಜಿರೆ, ಬೆಳ್ತಂಗಡಿ ಮೇಲೆ ಹಾದು, ಬೆಳಕು ಹರಿಯೋ ಹೊತ್ತಿಗೆ ಮಂಗಳೂರು ಮಾರ್ಕೆಟ್ ಮುಟ್ಟಬೇಕು. ಲೇಟಾದರೆ ರೇಟಿಲ್ಲ. ಮಳೆಗಾಲದಲ್ಲಿ ಆ ಘಾಟಿಯನ್ನ ನೋಡಿದವರಿಗೆ ಗೊತ್ತು. ಮಳೆ ನಿಂತರೆ ಮಂಜು, ಮಂಜು ಸರಿದರೆ ಮಳೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ನಡುವೆ ಇರೋ ಡಾಂಬರು ಎಲ್ಲಿ ಮುಗಿಯತ್ತೆ ಅಂತ ಕಾಣೋದೇ ಇಲ್ಲ.

ಒಂದು ಸಂಜೆ ಬುಲೆಟಿನ್‌ಗೆ ಮೇಕಪ್ ಹಾಕಿಸ್ಕೊಳ್ತಾ ಕೂತಿದ್ದೆ. ಭಾವನ ಫೋನ್ ಬಂತು.

“ಮಾರಾಯ, ಫಾಗ್ ಲೈಟ್ ಸಾಲ್ತಾ ಇಲ್ಲ. ಹಳೇ ಹಳದಿ ಬಲ್ಬು. ಅಂಗಡಿಯವ ಎಲ್‌ಇಡಿ ಹಾಕ್ಸಿ ಅಂತಿದಾನೆ. ಜೋಡಿಗೆ 1,800 ರೂಪಾಯಿ. ನೀನು ಟಿವಿಲಿ ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ, ಹಾಕ್ಸೋದಾ ಬೇಡ್ವಾ ಅಂತ ನಂಗೂ ಒಂದು ಹೇಳು.”

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಹೇಳೋಕೆ ಮುಂಚೆ ಎಷ್ಟು ಹೊತ್ತು ಯೋಚನೆ ಮಾಡಿದೆ ಗೊತ್ತಾ? ಎರಡು ಸೆಕೆಂಡ್. “ಹಾಕ್ಸಿ ಭಾವ. ಕರೆಂಟ್ ಕಮ್ಮಿ ತಗೊಳತ್ತೆ, ಬೆಳಕು ಜಾಸ್ತಿ, ಬಾಳಿಕೆನೂ ಜಾಸ್ತಿ.” ಇಷ್ಟು ಹೇಳಿ ಫೋನ್ ಇಟ್ಟೆ. ಕ್ಯಾಮೆರಾ ಮುಂದೆ ಬಂದು ಯಾವುದೋ ಸಚಿವರನ್ನ “ಪೂರ್ವಾಪರ ಯೋಚನೆ ಮಾಡದೆ ಆದೇಶ ಕೊಡ್ತೀರಾ?” ಅಂತ ಕೇಳಿದೆ.

ಆಮೇಲೆ ಆಗಸ್ಟ್‌ನಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಮಂಗಳೂರಿನಲ್ಲಿ ಕೆಲಸ ಇತ್ತು, ಭಾವನ ಜೊತೆ ಪಿಕಪ್‌ನಲ್ಲೇ ಹೊರಟೆ. ಕೊಟ್ಟಿಗೆಹಾರದವರೆಗೆ ದೀಪ ನೋಡಿ ನನಗೇ ಹೆಮ್ಮೆ. ಹಾಲು ಚೆಲ್ಲಿದ ಹಾಗೆ ಬೆಳಕು. ರಸ್ತೆ ಪಕ್ಕದ ಕಾಫಿ ಗಿಡದ ಎಲೆ ಎಲೆನೂ ಕಾಣ್ತಿತ್ತು. ಘಾಟಿ ಶುರುವಾಗಿ ಮಂಜು ಬಂತು ನೋಡಿ, ಕಥೆ ಬದಲಾಯ್ತು. ಎದುರಿಗೆ ಬಿಳಿ ಗೋಡೆ ಕಟ್ಟಿದ ಹಾಗಾಯ್ತು. ರಸ್ತೆ ಇಲ್ಲ, ಅಂಚಿಲ್ಲ, ತಿರುವಿಲ್ಲ. ಭಾವ ಸ್ಟೇರಿಂಗ್ ಮೇಲೆ ಬಗ್ಗಿ ಕಣ್ಣು ಕಿರಿದು ಮಾಡ್ಕೊಂಡು ಓಡಿಸ್ತಿದ್ರು. “ಬೆಳಕು ಜೋರುಂಟು, ಆದ್ರೆ ಎಂತ ಕಾಣ್ತಿಲ್ಲ ಮಾರಾಯ” ಅಂದ್ರು.

ಒಂದು ತಿರುವಿನಲ್ಲಿ ಎದುರಿನಿಂದ ಬೈಕ್ ಬಂತು. ಓಡಿಸ್ತಿದ್ದವರು ಒಂದು ಕೈ ಎತ್ತಿ ಕಣ್ಣಿಗೆ ಅಡ್ಡ ಹಿಡಿದರು. ಅದು ನನಗೆ ಸ್ಪಷ್ಟವಾಗಿ ಕಾಣಿಸ್ತು. ಆಮೇಲೆ ಬೈಕ್ ಕಾಣಿಸ್ಲಿಲ್ಲ. ಭಾವ ಗಾಡಿ ನಿಲ್ಲಿಸಿದರು. ಇಬ್ಬರೂ ಇಳಿದು ಓಡಿದೆವು. ಗುಡ್ಡದ ಬದಿಯ ಚರಂಡಿಯಲ್ಲಿ ಬೈಕ್ ಮಲಗಿತ್ತು. ಐವತ್ತು ದಾಟಿದ ಮನುಷ್ಯ. ಉಜಿರೆಯ ಮಗಳ ಮನೆಯಿಂದ ಬೆಳಗಿನ ಕೆಲಸಕ್ಕೆ ಊರಿಗೆ ಹೊರಟಿದ್ದರು. ಮೊಣಕಾಲು ಕಿತ್ತು ಹೋಗಿತ್ತು, ಅಂಗೈ ತರಚಿತ್ತು. ಬೇರೇನೂ ಆಗಿರಲಿಲ್ಲ. ಬೈಯ್ತಾರೆ ಅಂದ್ಕೊಂಡೆ, ಬೈಲಿಲ್ಲ. “ರೋಡ್ ಎಲ್ಲಿ ಅಂತ ಗೊತ್ತಾಗ್ಲಿಲ್ಲ ಸಾರ್” ಅಂದ್ರು, ತಪ್ಪು ಅವರದ್ದೇ ಅನ್ನೋ ಹಾಗೆ.

ಅವರು ಬಿದ್ದಿದ್ದು ಗುಡ್ಡದ ಬದಿಗೆ. ಇನ್ನೊಂದು ಬದಿಯಲ್ಲಿ ಚರಂಡಿ ಇರಲಿಲ್ಲ, ಪ್ರಪಾತ ಇತ್ತು. ಆ ರಾತ್ರಿ ಉಳಿದ ದಾರಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ, ಎರಡು ಸೆಕೆಂಡಿನಲ್ಲಿ ಮಾಡಬೇಕಿದ್ದ ಯೋಚನೆಯನ್ನ ಎರಡು ವಾರ ಮಾಡಿದೆ. ಅದನ್ನೇ ನಿಮ್ಮ ಮುಂದೆ ಇಡ್ತೀನಿ.

ಮೊದಲನೇ ಪ್ರಶ್ನೆ. ಬೆಳಕು ಜಾಸ್ತಿಯಾದರೂ ದಾರಿ ಯಾಕೆ ಕಾಣಲಿಲ್ಲ?

ಊರ ಕಡೆ ಹಂಡೆ ಒಲೆ ಇರೋ ಬಚ್ಚಲುಮನೆ ನೆನಪು ಮಾಡ್ಕೊಳ್ಳಿ. ಹಬೆ ತುಂಬಿರುವಾಗ ಟಾರ್ಚನ್ನ ಕಣ್ಣಿನ ಪಕ್ಕದಲ್ಲಿ ಹಿಡಿದು ಬಿಡಿ. ಬರೀ ಬಿಳುಪು ಕಾಣತ್ತೆ. ಅದೇ ಟಾರ್ಚನ್ನ ಮೊಣಕಾಲ ಹತ್ತಿರ ಹಿಡಿದು ನೆಲಕ್ಕೆ ಬಿಡಿ. ನೆಲ ಕಾಣತ್ತೆ. ಮಂಜು ಅಂದ್ರೆ ಗಾಳಿಯಲ್ಲಿ ತೇಲೋ ನೀರಿನ ಹನಿಗಳು. ಬೆಳಕು ಹನಿಗೆ ಬಡಿದು ಚದುರತ್ತೆ, ಒಂದು ಪಾಲು ವಾಪಸ್ ನಿಮ್ಮ ಕಣ್ಣಿಗೇ ಬರತ್ತೆ. ಅದಕ್ಕೇ ಫಾಗ್ ಲ್ಯಾಂಪನ್ನ ಬಂಪರ್‌ನಲ್ಲಿ, ಕೆಳಗೆ ಕೂರಿಸಿರೋದು. ಅದರ ಬೆಳಕು ಚಾಪೆ ಹಾಸಿದ ಹಾಗೆ ಅಗಲವಾಗಿ, ಚಪ್ಪಟೆಯಾಗಿ ಹೋಗಬೇಕು. ಮೇಲ್ಗಡೆ ಚಾಕುವಿನಲ್ಲಿ ಕೊಯ್ದ ಹಾಗೆ ಒಂದು ಗೆರೆ ಇರಬೇಕು. ಆ ಗೆರೆಯ ಮೇಲಕ್ಕೆ ಬೆಳಕು ಹೋಗಬಾರದು. ಫಾಗ್ ಲ್ಯಾಂಪಿನ ಇಡೀ ವಿದ್ಯೆ ಇರೋದು ಆ ಗೆರೆಯಲ್ಲಿ, ಬಲ್ಬಿನ ಜೋರಿನಲ್ಲಲ್ಲ.

ಎರಡನೇ ಪ್ರಶ್ನೆ. ಎಲ್‌ಇಡಿ ಹಾಕಿದರೆ ಆ ಗೆರೆ ಏನಾಗತ್ತೆ?

ಹ್ಯಾಲೋಜನ್ ಬಲ್ಬಿನೊಳಗೆ ಕೆಲವೇ ಮಿಲಿಮೀಟರ್ ಉದ್ದದ ಒಂದು ತಂತಿ ಸುರುಳಿ ಇರತ್ತೆ. ಬೆಳಕು ಹುಟ್ಟೋದು ಅಲ್ಲಿ, ಸುತ್ತಲೂ ಹರಡೋದು ಅಲ್ಲಿಂದ. ಹಿಂದಿನ ಹೊಳೆಯೋ ಬಟ್ಟಲನ್ನ, ಅಂದ್ರೆ ರಿಫ್ಲೆಕ್ಟರನ್ನ, ಆ ಜಾಗದ ಲೆಕ್ಕ ಹಿಡಿದೇ ಮಾಡಿರ್ತಾರೆ. ಪಿಯುಸಿಯಲ್ಲಿ ಓದಿದ್ದೀವಲ್ಲ, ನಾಭಿಯಿಂದ ಹೊರಟ ಕಿರಣ ನೇರವಾಗಿ ಹೋಗತ್ತೆ ಅಂತ? ಅದೇ. ಅಂಗಡಿಯಲ್ಲಿ ಸಿಗೋ ಎಲ್‌ಇಡಿ ಬಲ್ಬಿನಲ್ಲಿ ಸುರುಳಿ ಇಲ್ಲ. ಒಂದು ಪಟ್ಟಿ, ಅದರ ಎರಡೂ ಮಗ್ಗುಲಿಗೆ ಚಿಪ್. ಬೆಳಕು ಎರಡು ಕಡೆಗೆ ಜೋರಾಗಿ, ಮಿಕ್ಕ ಕಡೆಗೆ ಕಮ್ಮಿ ಹೋಗತ್ತೆ. ಬುಡ ಅದೇ ಹೋಲ್ಡರ್‌ಗೆ ಸರಿಯಾಗಿ ಕೂರತ್ತೆ ನಿಜ. ಆದರೆ ಬೆಳಕು ಹುಟ್ಟೋ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಗೆರೆ ಕದಡಿ ಹೋಗತ್ತೆ. ಬೆಳಕು ಮೇಲಕ್ಕೂ ಚೆಲ್ಲತ್ತೆ. ನಮ್ಮ ಎದುರು ಬಿಳಿ ಗೋಡೆ ಕಟ್ಟಿದ್ದು ಆ ಚೆಲ್ಲಿದ ಬೆಳಕು. ಆ ಬೈಕಿನವರ ಕಣ್ಣಿಗೆ ಹೊಡೆದಿದ್ದೂ ಅದೇ.

ಇನ್ನೊಂದು ಮೋಸ ಇದೆ. ಮಂಜಿಲ್ಲದ ರಾತ್ರಿಯಲ್ಲಿ ಹತ್ತಿರದ ರಸ್ತೆ ಫಳಫಳ ಅಂದ್ರೆ ನಮಗೆ ಖುಷಿ, ಎಲ್ಲ ಕಾಣ್ತಿದೆ ಅನ್ಸತ್ತೆ. ಆದರೆ ಬಾನೆಟ್ ಮುಂದಿನ ಜಾಗ ಅಷ್ಟು ಹೊಳೆದಾಗ ಕಣ್ಣಿನ ಪಾಪೆ ಕಿರಿದಾಗತ್ತೆ. ದೂರದ ಹಸು, ದೂರದ ಮನುಷ್ಯ ಇನ್ನೂ ಮಸುಕಾಗ್ತಾರೆ. ಕೊಟ್ಟಿಗೆಹಾರದವರೆಗೆ ನನಗೆ ಬಂದ ಹೆಮ್ಮೆ ಇದೇ ಭ್ರಮೆ.

ಹಾಗಾದ್ರೆ ಹಳದಿ ಹಾಕ್ಸೋಣ, ಹಳದಿ ಮಂಜನ್ನ ಸೀಳ್ಕೊಂಡು ಹೋಗತ್ತೆ ಅಂತೀರಾ? ಅದು ಅರ್ಧ ಸತ್ಯ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು. ಹಾಗಾಗಿ ಹಳದಿ, ಬಿಳಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಚದುರತ್ತವೆ. ಹಳದಿಯಲ್ಲಿ ನೀಲಿ ಅಂಶ ಕಮ್ಮಿ, ಅದರಿಂದ ಕಣ್ಣಿಗೆ ಚುಚ್ಚೋದು ಕಮ್ಮಿ, ಅಷ್ಟೇ. ಗೆರೆ ಕೆಟ್ಟ ದೀಪಕ್ಕೆ ಯಾವ ಬಣ್ಣ ಬಳಿದರೂ ಗೆರೆ ವಾಪಸ್ ಬರಲ್ಲ.

ಮೂರನೇ ಪ್ರಶ್ನೆ. ಡಬ್ಬಿ ಮೇಲೆ ಬರೆದಿದ್ದು ನಿಜವಾ?

ಭಾವ ಕೊಂಡ ಡಬ್ಬಿ ಮೇಲೆ 120 ವ್ಯಾಟ್ ಅಂತ ಇತ್ತು. ಮೀಟರ್ ಹಿಡಿದು ನೋಡಿದೆ. ಒಂದು ಬಲ್ಬು ಎಳೀತಿದ್ದ ಕರೆಂಟ್ 1.6 ಆಂಪ್. ಇಂಜಿನ್ ಚಾಲೂ ಇದ್ದಾಗ ವೋಲ್ಟೇಜ್ ಸುಮಾರು 14. ಗುಣಿಸಿ. 22 ವ್ಯಾಟ್ ಆಯ್ತು. ಉಳಿದ ವ್ಯಾಟ್ ಎಲ್ಲ ಡಬ್ಬಿ ಮೇಲಿನ ಶಾಯಿಯಲ್ಲೇ ಇತ್ತು! ಅಷ್ಟೇ ಅಲ್ಲ. ಎಲ್‌ಇಡಿ ಮುಂದಕ್ಕೆ ಬಿಸಿ ಬಿಡೋದು ಕಮ್ಮಿ, ಅದರ ಬಿಸಿ ಹಿಂದಕ್ಕೆ ಹೋಗತ್ತೆ. ಹಾಗಾಗಿ ಗಾಜಿನ ಒಳಗೆ ಕೂತ ತೇವ ಹ್ಯಾಲೋಜನ್ ಇದ್ದಾಗ ಒಣಗೋ ಹಾಗೆ ಒಣಗಲ್ಲ. ಹಿಂದೆ ಗಾಳಿಯಾಡದ ಜಾಗದಲ್ಲಿ ಬಲ್ಬು ಬಿಸಿಯಾಗಿ ಬೇಗ ಸಾಯತ್ತೆ. ನಾನು ಹೇಳಿದ “ಬಾಳಿಕೆ ಜಾಸ್ತಿ” ಕೂಡ ಹೀಗೆ ಸುಳ್ಳಾಗಬಹುದು.

ಈಗ ಕಾನೂನು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿ ದೀಪಗಳ ಮೇಲೆ ರಾಜ್ಯದ ಉದ್ದಗಲಕ್ಕೂ ಕೇಸ್ ಹಾಕೋಕೆ ಶುರು ಮಾಡಿದರು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 177ರ ಪ್ರಕಾರ ಮೊದಲ ಸಲ 500 ರೂಪಾಯಿವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ. ದಂಡ ಹಾಕೋದು ಸರಿ, ನಾನು ವಿರೋಧ ಮಾಡಲ್ಲ. ಆದರೆ ನನ್ನದೊಂದು ಪ್ರಶ್ನೆ ಇದೆ. ದಂಡ ಕಟ್ಟೋದು ಡ್ರೈವರ್. ಆ ಬಲ್ಬನ್ನ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಿದವರನ್ನ ಯಾರು ಕೇಳ್ತಾರೆ? ಜರ್ಮನಿಯಲ್ಲೂ 2020ರಿಂದ ಹಳೇ ಹೆಡ್‌ಲ್ಯಾಂಪಿಗೆ ಎಲ್‌ಇಡಿ ಬಲ್ಬ್ ಹಾಕೋಕೆ ಅವಕಾಶ ಇದೆ. ಆದರೆ ಪರೀಕ್ಷೆ ಪಾಸಾದ ಬಲ್ಬಿಗೆ ಮಾತ್ರ, ಅದೂ ಯಾವ ಕಾರಿನ ಯಾವ ದೀಪಕ್ಕೆ ಅಂತ ಪಟ್ಟಿ ಇರತ್ತೆ. ನಮ್ಮಲ್ಲಿ ಪಟ್ಟಿ ಅಂದ್ರೆ ಅಂಗಡಿಯವರ ಬಾಯಿ ಮಾತು. ನನ್ನಂಥವನ ಬಾಯಿ ಮಾತೂ ಸೇರಿಸ್ಕೊಳ್ಳಿ.

ಇನ್ನೊಂದು ಮಾತು ಹೇಳದೇ ಹೋದರೆ ಡ್ರೈವರ್‌ಗಳಿಗೆ ಅನ್ಯಾಯ. ನಮ್ಮ ಭಾವ ಷೋಕಿಗೆ ದೀಪ ಹಾಕಿಸಲಿಲ್ಲ. ದಾರಿ ಕಾಣಲಿಲ್ಲ, ಅದಕ್ಕೆ ಹಾಕಿಸಿದರು. ರಸ್ತೆ ಅಂಚಿಗೆ ಬಿಳಿ ಗೆರೆ ಅಳಿಸದೇ ಇದ್ದಿದ್ರೆ, ತಿರುವಿನಲ್ಲಿ ಹೊಳೆಯೋ ಫಲಕ ಇದ್ದಿದ್ರೆ, ತಡೆಗೋಡೆ ಮೇಲೆ ರಿಫ್ಲೆಕ್ಟರ್ ಇದ್ದಿದ್ರೆ ಹಳೇ ಬಲ್ಬಿನಲ್ಲೇ ದಾರಿ ಕಾಣ್ತಿತ್ತು. ಸರ್ಕಾರ ಬಳಿಯದ ಬಣ್ಣಕ್ಕೆ ಪಿಕಪ್‌ನವನು ಜೇಬಿನಿಂದ 1,800 ರೂಪಾಯಿ ಕೊಟ್ಟ. ಇದನ್ನ ಲೋಕೋಪಯೋಗಿ ಇಲಾಖೆ, ಹೆದ್ದಾರಿ ಇಲಾಖೆ ಎರಡೂ ಕೇಳಿಸ್ಕೊಳ್ಳಲಿ.

ಹಾಗಂತ ರಸ್ತೆ ಸರಿಯಾಗೋವರೆಗೆ ಎದುರಿಗೆ ಬರೋರ ಕಣ್ಣು ಕಟ್ಟೋಕಾಗಲ್ಲ. ಇವತ್ತೇ ನೀವು ಮಾಡಬಹುದಾದ ಕೆಲಸ ಇದೆ. ರಾತ್ರಿ ಸಮತಟ್ಟು ಜಾಗದಲ್ಲಿ, ಒಂದು ಗೋಡೆಯಿಂದ 10 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ. ಗಾಡಿಯಲ್ಲಿ ದಿನಾ ಇರೋ ಅಷ್ಟೇ ಲೋಡ್ ಇರಲಿ. ಯಾಕಂದ್ರೆ ಹಿಂದೆ ಭಾರ ಬಿದ್ದರೆ ಮೂತಿ ಎದ್ದು ಬೆಳಕೂ ಮೇಲೇಳತ್ತೆ. ಫಾಗ್ ಲ್ಯಾಂಪ್ ನೆಲದಿಂದ ಎಷ್ಟು ಎತ್ತರ ಇದೆಯೋ ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ದೀಪ ಹಾಕಿ. ಬೆಳಕಿನ ಮೇಲಂಚು ಆ ಗೆರೆಯಿಂದ ಸುಮಾರು ಒಂದು ಗೇಣು ಕೆಳಗಿರಬೇಕು. ಮೇಲಿದ್ದರೆ ಸ್ಕ್ರೂ ತಿರುಗಿಸಿ ತಗ್ಗಿಸಿ. ಅಂಚೇ ಇಲ್ಲದೆ ಗೋಡೆ ತುಂಬ ಬೆಳಕು ಚೆಲ್ಲಿದ್ದರೆ ಆ ಬಲ್ಬ್ ತೆಗೆಸಿ. ಎಲ್‌ಇಡಿನೇ ಬೇಕು ಅಂದ್ರೆ ಬರೀ ಬಲ್ಬ್ ಬದಲಿಸಬೇಡಿ. ಎಲ್‌ಇಡಿಗೆ ಅಂತಲೇ ಲೆನ್ಸು, ರಿಫ್ಲೆಕ್ಟರು ಮಾಡಿರೋ, ನಿಮ್ಮ ಗಾಡಿಗೆ ಒಪ್ಪಿಗೆ ಇರೋ ಪೂರ್ತಿ ಲ್ಯಾಂಪ್ ಹಾಕಿಸಿ. ಮಂಜು ಮುಗಿದ ಕೂಡಲೇ ಆರಿಸಿ.

ಕೊನೆಗೆ ಸ್ಪೀಡ್. ಒಂದು ಲೆಕ್ಕ ಕೇಳಿ. ಗಂಟೆಗೆ 40 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 11 ಮೀಟರ್. ಎದುರಿಗಿರೋದು ಗೊತ್ತಾಗಿ ಕಾಲು ಬ್ರೇಕ್ ಮೇಲೆ ಹೋಗೋಕೆ ಒಂದು ಸೆಕೆಂಡ್, ಅಲ್ಲಿಗೆ 11 ಮೀಟರ್ ಹೋಯ್ತು. ಒದ್ದೆ ರಸ್ತೆಯಲ್ಲಿ ನಿಲ್ಲೋಕೆ ಇನ್ನೊಂದು 12 ಮೀಟರ್. ಒಟ್ಟು 23. ಮಂಜಿನಲ್ಲಿ ಕಾಣ್ತಿರೋದು 20 ಮೀಟರ್ ಆದರೆ, ಕಂಡ ಮೇಲೆ ನೀವು ನಿಲ್ಲೋದು ಅದನ್ನ ದಾಟಿ 3 ಮೀಟರ್ ಆಚೆ. ಅದೇ 30ರಲ್ಲಿ ಹೋದರೆ ಸುಮಾರು 15 ಮೀಟರ್‌ನಲ್ಲಿ ನಿಲ್ತೀರಿ. ಇಳಿಜಾರಿದ್ದರೆ, ಲೋಡ್ ಇದ್ದರೆ ಇನ್ನೂ ನಿಧಾನ ಬೇಕು. ಇಷ್ಟು ಸುರಕ್ಷತೆಯನ್ನ ಯಾವ ಬಲ್ಬೂ ಕೊಡಲ್ಲ. ಇದಕ್ಕೆ ದುಡ್ಡೂ ಬೇಕಾಗಿಲ್ಲ.

ನಮ್ಮ ಭಾವ ಆ ಜೋಡಿ ಎಲ್‌ಇಡಿ ತೆಗೆಸಿ 55 ವ್ಯಾಟಿನ ಹ್ಯಾಲೋಜನ್ನೇ ಹಾಕಿಸಿದ್ದಾರೆ. ಮಸುಕಾಗಿದ್ದ ಗಾಜು ಉಜ್ಜಿ, ಗೋಡೆ ಮುಂದೆ ನಿಲ್ಲಿಸಿ ದೀಪ ತಗ್ಗಿಸಿದ್ದಾರೆ. ಹತ್ತು ಹದಿನೈದು ನಿಮಿಷ ಬೇಗ ಮನೆ ಬಿಡ್ತಾರೆ. ಮೊನ್ನೆ ಫೋನ್ ಮಾಡಿ ಈಗ ಹೇಗಿದೆ ಅಂತ ಕೇಳಿದೆ.

“ಬೆಳಕು ಕಮ್ಮಿಯೇ ಮಾರಾಯ. ಆದ್ರೆ ಚರಂಡಿ ಅಂಚು ಕಾಣ್ತದೆ” ಅಂದ್ರು.

ಆ ಬೈಕಿನವರ ಹೆಸರು ಕೇಳೋಕೆ ನನಗೆ ಅವತ್ತು ತೋಚಲಿಲ್ಲ. ಅವರು ಈ ಕಾರ್ಯಕ್ರಮ ನೋಡ್ತಿದ್ದರೆ, ಯಜಮಾನರೇ, ತಪ್ಪು ನಿಮ್ಮದಲ್ಲ. ರೋಡ್ ಕಾಣದ ಹಾಗೆ ಮಾಡಿದವರು ನಾವು. ಕ್ಷಮಿಸಿ.