ಜೂಜಿನ ಊರಿಗೆ ದಾರಿ

ಊರಿದ್ದಲ್ಲಿಗೆ ದಾರಿ ಹೋಗುವುದು ಲೋಕರೂಢಿ. ದಾರಿಯೇ ಮೊದಲು ಬಂದು, ಅದರ ತುದಿಯಲ್ಲಿ ಊರು ಬೆಳೆದುದಕ್ಕೆ ಅಮೆರಿಕದ ನ್ಯೂಜೆರ್ಸಿ ಕರಾವಳಿಯ ಅಟ್ಲಾಂಟಿಕ್ ಸಿಟಿ ಒಳ್ಳೆಯ ನಿದರ್ಶನ. 1854ರಲ್ಲಿ ಅಲ್ಲಿಗೆ ರೈಲು ಬಂದಿತು. ಅದರ ಬೆನ್ನಿಗೆ ಫಿಲಡೆಲ್ಫಿಯಾದ ಜನ ಸಮುದ್ರಸ್ನಾನಕ್ಕೆ ಬಂದರು. 1870ರಲ್ಲಿ ಕಡಲಂಚಿಗೆ ಮರದ ಹಲಗೆಗಳ ಕಾಲುಹಾದಿಯನ್ನು ಹಾಸಿದರು. ಮುಂದೆ ಪ್ರವಾಸಿಗಳ ಬರವು ಇಳಿಮುಖವಾದಾಗ, 1976ರ ಜನಮತದಿಂದ ಜೂಜಿಗೆ ಅನುಮತಿ ದೊರೆತು, 1978ರಲ್ಲಿ ಮೊದಲ ಕ್ಯಾಸಿನೋ ತೆರೆಯಿತು.

ಇಂಥ ಊರಿನ ಆಕಾಶದಲ್ಲಿ ವಿಮಾನಗಳ ಸಂತೆಯೇ ನೆರೆದಿರಬೇಕೆಂದು ನಾವು ಎಣಿಸಬಹುದು. ಹಾಗಿಲ್ಲ. ಹತ್ತು ಮೈಲಿಯಾಚೆ ವಿಮಾನ ನಿಲ್ದಾಣವೇನೋ ಉಂಟು. ಸಂಚಾರ ಮಾತ್ರ ವಿರಳ. ಊರೊಳಗಿದ್ದ ಹಳೆಯ ಬೇಡರ್ ಫೀಲ್ಡ್ ನಿಲ್ದಾಣವು 2006ರಲ್ಲಿ ಮುಚ್ಚಿತು. ದೂರದವರು ಫಿಲಡೆಲ್ಫಿಯಾದಲ್ಲಿ ಇಳಿದು, ಉಳಿದ ಸುಮಾರು 60 ಮೈಲಿಯನ್ನು ನೆಲದ ಮೇಲೆಯೇ ಕ್ರಮಿಸುವುದು ವಾಡಿಕೆ. ನಾನು ಹೋದದ್ದೂ ಹಾಗೆಯೇ, ರೈಲಿನಲ್ಲಿ. ಒಂದೂವರೆ ಗಂಟೆಯ ಪಯಣ.

ಆದರೆ ಜೂಜುಗಾರನಿಗೆ ದಾರಿ ಎಂದೂ ದುರ್ಗಮವಲ್ಲ. ಕ್ಯಾಸಿನೋಗಳು ಬಸ್ಸುಗಳನ್ನು ಕರೆಸಿಕೊಂಡು, ಇಳಿದವರ ಕೈಗೆ ನಾಣ್ಯಗಳ ಸುರುಳಿಯನ್ನಿತ್ತು, ಬಸ್ಸಿನ ದುಡ್ಡನ್ನು ಮರಳಿಸುತ್ತಿದ್ದ ಕಾಲವಿತ್ತು. ಹಾಗೆ ಬಂದವರಲ್ಲಿ ನನ್ನಂಥ ನಿವೃತ್ತರೇ ಬಹಳ. ಕೊಟ್ಟ ನಾಣ್ಯಗಳು ಸಂಜೆಯೊಳಗೆ ಬಹುಮಟ್ಟಿಗೆ ಕೊಟ್ಟವರ ಯಂತ್ರಗಳನ್ನೇ ಸೇರುತ್ತಿದ್ದವು.

ಧರ್ಮರಾಯನನ್ನು ನೆನೆಯಿರಿ. ಮೊದಲ ಬಾರಿ ಅವನನ್ನು ಕರೆಯಲು ಬಂದವನು ಹಿತೈಷಿಯಾದ ವಿದುರನೇ. ಸೋತು, ಬಿಡುಗಡೆ ಹೊಂದಿ ಹಿಂದಿರುಗುತ್ತಿದ್ದವನನ್ನು ನಡುದಾರಿಯಿಂದ ಮತ್ತೆ ಕರೆದರು, ಮತ್ತೆ ಹೋದನು. ಇಂದ್ರಪ್ರಸ್ಥದ ದಾರಿ ಅವನ ಕಣ್ಣ ಮುಂದೆಯೇ ಇದ್ದಿತು. ಜೂಜಿನ ಊರಿಗೆ ಹೋಗುವ ದಾರಿಯನ್ನು ತೋರಿಸುವವರು ಅನೇಕರು. ಎದ್ದು ಬರುವ ದಾರಿಯನ್ನು ಮಾತ್ರ ಅವರವರೇ ಹಿಡಿಯಬೇಕು.