ಕೊಂದವರು ಯಾರು, ಸತ್ತವಳು ಯಾರು?

ಪತ್ತೇದಾರಿ ಕಥೆಯನ್ನು ಮೆಚ್ಚುವವರು ಅದನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದು ಅಪರೂಪ. ಹಳಗನ್ನಡ ಕಾವ್ಯವನ್ನು ಬೋಧಿಸಿ ನಿವೃತ್ತನಾದ ನನ್ನಂಥವನು ಒಪ್ಪಿಕೊಳ್ಳುವುದಂತೂ ಇನ್ನೂ ಕಷ್ಟ. ಆದರೂ ಒಪ್ಪಿಕೊಂಡೇ ಈ ಹೊತ್ತಿನ ಮಾತನ್ನು ಆರಂಭಿಸುತ್ತೇನೆ. ಕೊಲೆಯ ಕಥೆಯೊಂದು ಕಂತುಕಂತಾಗಿ ಬರುತ್ತಿರುವಾಗ, ಒಂದು ಕಂತಿಗೂ ಮುಂದಿನ ಕಂತಿಗೂ ನಡುವೆ, ಅದನ್ನು ಕುರಿತು ಜನ ಆಡುವ ಮಾತಿದೆಯಲ್ಲ, ಅದು ನನಗೆ ಕಥೆಯಷ್ಟೇ ಕುತೂಹಲದ ವಿಷಯವಾಗಿ ಕಂಡಿದೆ. ರಾತ್ರಿ ನೋಡಿದ್ದನ್ನು ಬೆಳಗ್ಗೆ ಕಾಫಿಯ ಮುಂದೆ ಕುಳಿತು ತರ್ಕಿಸುವವರು, ಇವನೇ ಕೊಲೆಗಾರನೆಂದು ಪಂಥ ಕಟ್ಟುವವರು, ಕಥೆಗಾರನಿಗಿಂತ ಒಂದು ಹೆಜ್ಜೆ ಮುಂದಿರಬೇಕೆಂದು ಹಟ ತೊಟ್ಟವರು, ಇವರೆಲ್ಲರ ಮಾತಿನಲ್ಲಿ ವಿಮರ್ಶೆಯ ಗುಣವೂ ಇದೆ. ವಿಮರ್ಶೆಯ ದೋಷವೂ ಇದೆ. ಎರಡನ್ನೂ ತೋರಿಸಿಕೊಡುವಂಥ ಒಂದು ನಿದರ್ಶನವನ್ನು ತಮ್ಮ ಮುಂದಿಡುವುದು ನನ್ನ ಉದ್ದೇಶ.

ಈ ಬಗೆಯ ಮಾತು ದೂರದರ್ಶನದೊಡನೆ ಹುಟ್ಟಿದ್ದೇನೂ ಅಲ್ಲ. ಚಾರ್ಲ್ಸ್ ಡಿಕನ್ಸ್ ತನ್ನ ಕಡೆಯ ಕಾದಂಬರಿಯಾದ ‘ಎಡ್ವಿನ್ ಡ್ರೂಡನ ರಹಸ್ಯ’ವನ್ನು 1870ರ ಏಪ್ರಿಲ್‌ನಿಂದ ತಿಂಗಳಿಗೊಂದು ಸಂಚಿಕೆಯಂತೆ ಪ್ರಕಟಿಸತೊಡಗಿದ. ಹನ್ನೆರಡು ಸಂಚಿಕೆಗಳಲ್ಲಿ ಮುಗಿಯಬೇಕಾಗಿದ್ದ ಕಥೆ ಅದು. ಆರು ಸಂಚಿಕೆಗಳಿಗಾಗುವಷ್ಟನ್ನು ಬರೆಯುವ ವೇಳೆಗೆ, ಅದೇ ವರ್ಷ ಜೂನ್ 9ರಂದು ಆತ ತೀರಿಕೊಂಡ. ಕಣ್ಮರೆಯಾದ ಡ್ರೂಡ್ ಸತ್ತನೋ ಬದುಕಿದ್ದನೋ, ಸತ್ತಿದ್ದರೆ ಅವನ ಬಂಧು ಜಾಸ್ಪರನೇ ಕೊಂದನೋ ಎಂಬ ಪ್ರಶ್ನೆ ಓದುಗರ ಪಾಲಿಗೆ ಶಾಶ್ವತವಾಗಿ ಉಳಿಯಿತು. 1914ರ ಜನವರಿಯಲ್ಲಿ ಲಂಡನ್ನಿನ ಡಿಕನ್ಸ್ ಅಭಿಮಾನಿಗಳು ಜಾಸ್ಪರನ ಮೇಲೆ ಒಂದು ಅಣಕು ಮೊಕದ್ದಮೆಯನ್ನೇ ಹೂಡಿದರು. ನ್ಯಾಯಪೀಠದಲ್ಲಿ ಜಿ. ಕೆ. ಚೆಸ್ಟರ್‌ಟನ್, ಜ್ಯೂರಿಯ ಮುಖಂಡನಾಗಿ ಬರ್ನಾರ್ಡ್ ಷಾ. ಇದು ಕೊಲೆಯಲ್ಲ, ಅದಕ್ಕಿಂತ ಲಘುವಾದ ನರಹತ್ಯೆ ಎಂದು ಜ್ಯೂರಿ ತೀರ್ಪಿತ್ತಿತು. ನ್ಯಾಯಾಧೀಶರು ತಮ್ಮೊಬ್ಬರನ್ನು ಬಿಟ್ಟು ಅಲ್ಲಿದ್ದವರೆಲ್ಲರೂ ನ್ಯಾಯಾಲಯ ನಿಂದನೆಯ ಅಪರಾಧಿಗಳೆಂದು ಸಾರಿದರು. ಕರ್ತೃ ಕಾಲವಾಗಿ ನಲವತ್ತಮೂರು ವರ್ಷಗಳು ಸಂದರೂ ಕಥೆಯನ್ನು ಕುರಿತ ಮಾತು ಸಾಯಲಿಲ್ಲ. ಅಪೂರ್ಣತೆಯೇ ಅದಕ್ಕೆ ಅಮೃತವಾಯಿತು ಎನ್ನಬಹುದು.

ದೂರದರ್ಶನದ ಯುಗದಲ್ಲಿ ಈ ಮಾತಿಗೆ ಬಂದ ವ್ಯಾಪ್ತಿ ಎಷ್ಟೆಂಬುದನ್ನು ಅಮೆರಿಕದ ‘ಡಲ್ಲಾಸ್’ ಧಾರಾವಾಹಿ ತೋರಿಸಿತು. 1980ರ ಮಾರ್ಚ್ 21ರ ಕಂತಿನ ಕೊನೆಯಲ್ಲಿ ಅದರ ಖಳನಾಯಕನಾದ ಜೆ. ಆರ್. ಈವಿಂಗ್ ಎಂಬ ಎಣ್ಣೆ ಧಣಿಗೆ ಯಾರೋ ಗುಂಡು ಹಾರಿಸಿದರು. ಯಾರು ಎಂಬ ಉತ್ತರ ದೊರೆತದ್ದು ನವೆಂಬರ್ 21ರಂದು. ನಟರ ಮುಷ್ಕರವೂ ಆ ಅವಧಿಯನ್ನು ಹಿಗ್ಗಿಸಿತ್ತು. ನಡುವಣ ಎಂಟು ತಿಂಗಳು ಇಂಗ್ಲೆಂಡಿನ ಜೂಜಿನ ಅಂಗಡಿಗಳಲ್ಲಿ ಈ ಪ್ರಶ್ನೆಯ ಮೇಲೆ ಬಾಜಿ ನಡೆಯಿತು. ಉತ್ತರ ಸಿಕ್ಕ ರಾತ್ರಿ ಅಮೆರಿಕ ಒಂದರಲ್ಲೇ ಸುಮಾರು ಎಂಟು ಕೋಟಿ ಜನ ಅದನ್ನು ನೋಡಿದರು. ಮರುದಿನ? ಮರುದಿನದ ಮಾತಿಗೆ ಹೆಚ್ಚಿನದೇನೂ ಉಳಿದಿರಲಿಲ್ಲ. ಗುಂಡು ತಿಂದವನು ಬದುಕಿದ್ದ. ಹಾರಿಸಿದವಳು ಅವನ ನಾದಿನಿ ಎಂದು ತಿಳಿದಿತ್ತು. ಒಗಟು ಬಿಡಿಸಿದ ಮೇಲೆ ಒಗಟಿನಲ್ಲೇನಿದೆ?

ಇಷ್ಟನ್ನು ಪೀಠಿಕೆಯಾಗಿ ಹೇಳಿ, ನನ್ನ ಮುಖ್ಯ ನಿದರ್ಶನಕ್ಕೆ ಬರುತ್ತೇನೆ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಎಂಬಿಬ್ಬರು ನಿರ್ಮಿಸಿದ ‘ಟ್ವಿನ್ ಪೀಕ್ಸ್’ ಎಂಬ ಧಾರಾವಾಹಿ ಅಮೆರಿಕದಲ್ಲಿ 1990ರ ಏಪ್ರಿಲ್ 8ರಂದು ಆರಂಭವಾಯಿತು. ಕೆನಡಾದ ಗಡಿಗೆ ಸಮೀಪದಲ್ಲಿರುವ, ದಟ್ಟ ಕಾಡಿನ ನಡುವಣ ಒಂದು ಕಲ್ಪಿತ ಊರು. ಮರ ಕೊಯ್ಯುವ ಕಾರ್ಖಾನೆಯೇ ಅದರ ಜೀವನಾಧಾರ. ಒಂದು ಮುಂಜಾನೆ ಮೀನು ಹಿಡಿಯಲು ಹೊರಟವನೊಬ್ಬನಿಗೆ ನೀರಿನ ದಂಡೆಯಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಶವ ಕಾಣುತ್ತದೆ. ಹದಿನೇಳು ವರ್ಷದ ಲಾರಾ ಪಾಮರ್, ಶಾಲೆಯ ಅಚ್ಚುಮೆಚ್ಚಿನ ಹುಡುಗಿ, ಊರಿನ ಕಣ್ಮಣಿ. ಡೇಲ್ ಕೂಪರ್ ಎಂಬ ಕೇಂದ್ರ ತನಿಖಾಧಿಕಾರಿ ಬರುತ್ತಾನೆ. ಅವನು ಸಾಕ್ಷ್ಯವನ್ನು ನಂಬುವಷ್ಟೇ ಕನಸನ್ನೂ ನಂಬುತ್ತಾನೆ. ಹೀಗೆ ಮೊದಲಾದ ಕಥೆಯನ್ನು ಮೊದಲ ರಾತ್ರಿಯೇ ಮೂರು ಕೋಟಿಗೂ ಮಿಕ್ಕಿದ ಜನ ನೋಡಿದರು. ಲಾರಾಳನ್ನು ಕೊಂದವರು ಯಾರು ಎಂಬುದು ಆ ವರ್ಷ ಅಲ್ಲಿನ ಮನೆಮಾತಾಯಿತು.

ಕಂತುಗಳು ಬರುತ್ತಿದ್ದುದು ಗುರುವಾರ ರಾತ್ರಿ; ಮಾತು ಶುಕ್ರವಾರ ಬೆಳಗ್ಗೆ. ಆ ವೇಳೆಗೆ ಮನೆಗಳಿಗೆ ವೀಡಿಯೋ ಯಂತ್ರ ಬಂದಿತ್ತು. ಕಂತನ್ನು ಮುದ್ರಿಸಿಕೊಂಡು, ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ, ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ಪರೀಕ್ಷಿಸುವ ಪ್ರೇಕ್ಷಕವರ್ಗವೊಂದು ಹುಟ್ಟಿಕೊಂಡಿತು. ಸತ್ತವಳ ಉಗುರಿನಡಿಯಲ್ಲಿ ಸಿಕ್ಕ ಒಂದೇ ಒಂದು ಅಕ್ಷರದ ಕಾಗದದ ಚೂರು ಯಾವ ಹೆಸರಿನ ಭಾಗ? ಕನಸಿನಲ್ಲಿ ಕಂಡ ಕೆಂಪು ಪರದೆಗಳ ಕೋಣೆ ಎಲ್ಲಿಯದು? ಕಾಡಿನ ಗೂಬೆಗಳಿಗೂ ಕೊಲೆಗೂ ಏನು ನಂಟು? ಕಥೆಯ ಪಾತ್ರಗಳು ಹೊಗಳುತ್ತಿದ್ದ ಕಾಫಿ, ಚೆರ್ರಿ ಹಣ್ಣಿನ ಕಡುಬುಗಳನ್ನೇ ಮುಂದಿಟ್ಟುಕೊಂಡು ಗೆಳೆಯರ ಗುಂಪುಗಳು ನೋಡಲು ಕೂಡುತ್ತಿದ್ದವು. ಇಷ್ಟು ಅವಧಾನದಿಂದ ಓದುವ ವಿದ್ಯಾರ್ಥಿಗಳು ನನಗೆ ನನ್ನ ವೃತ್ತಿಜೀವನದಲ್ಲಿ ಸಿಕ್ಕಿದ್ದು ಕೆಲವರೇ ಎಂದು ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಕಥೆಯಲ್ಲಿ ಬಾಬ್ ಎಂಬ ಹೆಸರಿನ, ನರೆತ ಉದ್ದಗೂದಲಿನ ಒಂದು ದುಷ್ಟ ಸತ್ತ್ವ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅಭಿಮಾನಿಗಳು ಅತ್ಯಂತ ಹೆಚ್ಚು ತಲೆಕೆಡಿಸಿಕೊಂಡದ್ದು ಇದರ ಬಗ್ಗೆಯೇ. ಆದರೆ ಮೂಲಯೋಜನೆಯಲ್ಲಿ ಈ ರೂಪವೇ ಇರಲಿಲ್ಲ. ಫ್ರಾಂಕ್ ಸಿಲ್ವ ಎಂಬಾತ ಚಿತ್ರೀಕರಣದ ಕೋಣೆಗಳಲ್ಲಿ ಸಾಮಾನುಗಳನ್ನು ಅಣಿಗೊಳಿಸುವ ಕೆಲಸದವನು. ಲಾರಾಳ ಕೋಣೆಯಲ್ಲಿ ಅವನು ಕೆಲಸ ಮಾಡುತ್ತಿದ್ದುದನ್ನು ಕಂಡ ಲಿಂಚ್‌ಗೆ ಏನೋ ಹೊಳೆದು, ಅವನನ್ನು ಮಂಚದ ಕಾಲುದೆಸೆಯಲ್ಲಿ ಕುಳ್ಳಿರಿಸಿ ಸುಮ್ಮನೆ ಒಂದು ಚಿತ್ರ ತೆಗೆದಿಟ್ಟುಕೊಂಡರು. ಮುಂದೆ ತಾಯಿ ಬೆಚ್ಚಿ ಚೀರುವ ದೃಶ್ಯದಲ್ಲಿ ಅದೇ ಸಿಲ್ವನ ಮುಖ ಗೋಡೆಯ ಕನ್ನಡಿಯಲ್ಲಿ ಅಕಸ್ಮಾತ್ತಾಗಿ ಮೂಡಿತು. ಇದು ತಪ್ಪಾಯಿತೆಂದು ಛಾಯಾಗ್ರಾಹಕರು ಹೇಳಿದರೂ ನಿರ್ದೇಶಕರು ಅದನ್ನೇ ಉಳಿಸಿಕೊಂಡರು. ಪ್ರೇಕ್ಷಕರು ಗೂಢವಾದ ಪೂರ್ವಸಂಕಲ್ಪವನ್ನು ಹುಡುಕುತ್ತಿದ್ದ ಸ್ಥಳದಲ್ಲಿ ಇದ್ದದ್ದು ಒಂದು ಆಕಸ್ಮಿಕ, ಮತ್ತು ಆ ಆಕಸ್ಮಿಕವನ್ನು ಗುರುತಿಸಬಲ್ಲ ಒಂದು ಕಣ್ಣು. ಕವಿಯ ಪ್ರತಿಯೊಂದು ಅಕ್ಷರಕ್ಕೂ ಉದ್ದೇಶವನ್ನು ಆರೋಪಿಸುವ ನಮ್ಮಂಥ ಅಧ್ಯಾಪಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಸರಣಿ 1990ರ ಮೇ 23ರಂದು ಮುಗಿಯಿತು. ಕೊಲೆಗಾರ ಸಿಗಲಿಲ್ಲ, ಬದಲಿಗೆ ಪತ್ತೇದಾರನಿಗೇ ಗುಂಡೇಟು ಬಿದ್ದು ತೆರೆ ಇಳಿಯಿತು. ಜನರಿಗೆ ಸಿಟ್ಟು ಬಂತು. ಬೇಗ ಉತ್ತರ ಹೇಳಿಸಿರೆಂದು ಪ್ರಸಾರ ಸಂಸ್ಥೆ ಒತ್ತಾಯಿಸಿತು. ಲಿಂಚ್‌ಗೆ ಉತ್ತರ ಕೊಡುವ ಮನಸ್ಸೇ ಇರಲಿಲ್ಲ. ಚಿನ್ನದ ಮೊಟ್ಟೆಯಿಡುವ ಬಾತನ್ನು ಕೊಯ್ದಂತಾಯಿತೆಂದು ಆತ ಮುಂದೆ ಪರಿತಪಿಸಿದರು. ಕಡೆಗೆ ನವೆಂಬರ್ 10ರಂದು ಉತ್ತರ ಹೊರಬಿತ್ತು. ಲಾರಾಳನ್ನು ಕೊಂದವನು ಅವಳ ತಂದೆ, ಊರಿನ ಗೌರವಾನ್ವಿತ ವಕೀಲ ಲೀಲೆಂಡ್ ಪಾಮರ್. ಬಾಬ್ ಅವನನ್ನು ಆವರಿಸಿದ ಸತ್ತ್ವ. ಕನ್ನಡಿಯಲ್ಲಿ ತನ್ನ ಮುಖದ ಬದಲು ಆ ಮುಖವನ್ನು ಕಂಡು ಅವನು ನಗುತ್ತಾನೆ. ಆ ಬಳಿಕ ಪ್ರೇಕ್ಷಕರು ಕರಗುತ್ತ ಹೋದರು. ಶನಿವಾರ ರಾತ್ರಿಗೆ ಅದನ್ನು ಸ್ಥಳಾಂತರಿಸಿದ್ದೂ, ಮರುವರ್ಷದ ಆರಂಭದಲ್ಲಿ ಕೊಲ್ಲಿ ಯುದ್ಧದ ವಾರ್ತೆಗಳಿಂದಾಗಿ ಕಂತುಗಳು ತಪ್ಪಿದ್ದೂ ಕಾರಣಗಳಲ್ಲಿ ಸೇರುತ್ತವೆ. 1991ರ ಜೂನ್ 10ರಂದು ಧಾರಾವಾಹಿ ನಿಂತಿತು.

ಈ ಕಥೆಯನ್ನು ನಾನು ನೋಡಿದ್ದು ಬಹಳ ತಡವಾಗಿ, ಉತ್ತರವನ್ನು ಆಗಲೇ ತಿಳಿದುಕೊಂಡು. ಆದಕಾರಣ ಬಾಜಿ ಕಟ್ಟುವ ಸುಖ ನನಗೆ ಲಭಿಸಲಿಲ್ಲ. ಆದರೆ ಒಂದು ಲಾಭವಾಯಿತು. ಸುಳಿವುಗಳನ್ನು ಹುಡುಕುವ ಕೆಲಸವಿಲ್ಲದ ಕಣ್ಣಿಗೆ ಮೊದಲ ಕಂತಿನ ಬೇರೊಂದು ಸಂಗತಿ ಕಂಡಿತು: ಆ ಕಂತಿನ ಬಹುಭಾಗ ತನಿಖೆಯಲ್ಲ, ಶೋಕ. ತರಗತಿಯಲ್ಲಿ ಹಾಜರಿ ಕೂಗುತ್ತಿದ್ದಾರೆ. ಬಾಗಿಲಲ್ಲಿ ಪೊಲೀಸಿನವನು. ಕಿಟಕಿಯಾಚೆ ಹುಡುಗಿಯೊಬ್ಬಳು ಚೀರುತ್ತ ಅಂಗಳದಲ್ಲಿ ಓಡುತ್ತಾಳೆ. ಗೆಳತಿ ತಿರುಗಿ ಖಾಲಿಯಿರುವ ಆ ಒಂದು ಪೀಠವನ್ನು ನೋಡುತ್ತಾಳೆ. ಯಾರೂ ಏನೂ ಹೇಳುವ ಮೊದಲೇ ಅವಳಿಗೆ ಎಲ್ಲವೂ ತಿಳಿಯುತ್ತದೆ. ಮುಖ್ಯೋಪಾಧ್ಯಾಯರು ಸುದ್ದಿಯನ್ನು ಸಾರಲು ಹೋಗಿ ತಾವೇ ಅಳುತ್ತಾರೆ. ಮನೆಯಲ್ಲಿ ತಾಯಿ ಫೋನಿನ ಇನ್ನೊಂದು ತುದಿಯ ಮೌನದಿಂದಲೇ ಮಗಳ ಸಾವನ್ನು ಅರಿತು ಗೋಳಿಡುತ್ತಾಳೆ. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಶವವೆಂಬುದು ಲೆಕ್ಕವೊಂದರ ಮೊದಲ ಸಾಲು. ಇಲ್ಲಿ ಅದು ಒಂದು ಮನೆಯ ಮಗು. ಇಷ್ಟನ್ನು ಮೊದಲ ರಾತ್ರಿಯೇ ಹೇಳಿಬಿಟ್ಟಿದ್ದರು. ಕೊಂದವರು ಯಾರೆಂದು ಕೇಳುವ ಭರದಲ್ಲಿ ಸತ್ತವಳು ಯಾರೆಂದು ಕೇಳುವುದನ್ನು ನಾವೆಲ್ಲ ಮರೆತೆವು.

ಹೀಗೆಂದು ಅಭಿಮಾನಿಗಳನ್ನು ದೂಷಿಸುವ ಅಧಿಕಾರ ನನಗಿಲ್ಲ. ಪಂಪನ ಕರ್ಣನನ್ನು ಪಾಠ ಹೇಳುತ್ತ, ಪಾಠಾಂತರಗಳನ್ನೂ ಅರಿಕೇಸರಿಯ ವಂಶಾವಳಿಯನ್ನೂ ಗಂಟೆಗಟ್ಟಲೆ ವಿವರಿಸಿ, ಕರ್ಣನ ಸಂಕಟಕ್ಕೆ ಬರುವ ವೇಳೆಗೆ ಗಂಟೆ ಹೊಡೆದ ದಿನಗಳು ನನಗೆ ನೆನಪಿವೆ. ಸಾಕ್ಷ್ಯ ಸಂಗ್ರಹದ ಚಪಲ ವಿದ್ವಾಂಸನಿಗೂ ಬಿಟ್ಟದ್ದಲ್ಲ.

1990ರ ಸೆಪ್ಟೆಂಬರಿನಲ್ಲಿ ಲಾರಾಳ ‘ಗುಪ್ತ ದಿನಚರಿ’ಯೆಂಬ ಪುಸ್ತಕ ಹೊರಬಂತು, ಬರೆದವರು ಲಿಂಚ್ ಅವರ ಮಗಳು ಜೆನಿಫರ್. ಹರಿದ ಹಾಳೆಗಳ ಜಾಡಿನಲ್ಲಿ ಕೊಲೆಗಾರನ ಹೆಸರು ಸಿಕ್ಕೀತೆಂದು ಜನ ಅದನ್ನು ಕೊಂಡರು. ಆದರೆ ಅದರಲ್ಲಿದ್ದದ್ದು ತನ್ನ ಮನೆಯಲ್ಲೇ ಸುರಕ್ಷಿತಳಲ್ಲದ ಹುಡುಗಿಯೊಬ್ಬಳು, ಹೇಳಿಕೊಳ್ಳಲು ಯಾರೂ ಇಲ್ಲದೆ ಕಾಗದಕ್ಕೆ ಹೇಳಿಕೊಂಡ ಮಾತು. 1992ರಲ್ಲಿ ಲಿಂಚ್ ಒಂದು ಚಲನಚಿತ್ರ ಮಾಡಿ ಲಾರಾಳ ಬದುಕಿನ ಕಡೆಯ ಏಳು ದಿನಗಳನ್ನು ಅವಳ ಕಣ್ಣಿನಿಂದಲೇ ತೋರಿಸಿದರು. ಅಲ್ಲಿ ಬಿಡಿಸಲು ಒಗಟಿರಲಿಲ್ಲ, ಕಾಫಿಯ ತಮಾಷೆಯೂ ಇರಲಿಲ್ಲ. ವಿಮರ್ಶಕರು ಹಳಿದರು, ಜನ ಬರಲಿಲ್ಲ. ವರ್ಷಗಳು ಕಳೆದ ಮೇಲೆ ಅದೇ ಚಿತ್ರವನ್ನು ಲಿಂಚ್ ಅವರ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಎಣಿಸುವವರು ಹೆಚ್ಚಾದರು. ಪ್ರಶ್ನೆ ಆರಿದ ಮೇಲೆ ವ್ಯಕ್ತಿ ಕಂಡಳು.

ನಮ್ಮ ಅನುಭವದಿಂದ ಇದನ್ನು ತಿಳಿಯುವುದು ಕಷ್ಟವಲ್ಲ. ಯಕ್ಷಗಾನದ ಬಯಲಿನಲ್ಲಿ ಬೆಳಗಿನವರೆಗೆ ಕುಳಿತುಕೊಳ್ಳುವವರಲ್ಲಿ ಅಭಿಮನ್ಯು ಬದುಕುತ್ತಾನೋ ಸಾಯುತ್ತಾನೋ ಎಂಬ ಸಂದೇಹ ಯಾರಿಗೂ ಇಲ್ಲ. ತಾಳಮದ್ದಳೆಯಲ್ಲಂತೂ ಕಥೆಯ ಕೊನೆ ಎಲ್ಲರಿಗೂ ಗೊತ್ತಿದೆ ಎಂಬ ನೆಲೆಯ ಮೇಲೆಯೇ ಅರ್ಥಧಾರಿಗಳ ವಾದ ನಿಲ್ಲುತ್ತದೆ. ಏನಾಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಆದದ್ದು ನ್ಯಾಯವೇ ಎಂದು ಕೇಳುತ್ತಾರೆ. ಕುತೂಹಲ ಉತ್ತರದೊಡನೆ ಮುಗಿಯುತ್ತದೆ. ಕರುಣ ಉತ್ತರವಾದ ಮೇಲೆ ಮೊದಲಾಗುತ್ತದೆ. ಕುತೂಹಲವು ಹೀನವೆಂದು ನಾನು ಹೇಳುತ್ತಿಲ್ಲ. ಮನೆಯೊಳಕ್ಕೆ ಕರೆತರುವ ಬಾಗಿಲು ಅದು. ಬಾಗಿಲಲ್ಲೇ ನಿಂತು ಮಾತಾಡಿ ಹಿಂದಿರುಗಿದರೆ ಒಳಗಿದ್ದವರನ್ನು ಕಂಡಂತಾಗಲಿಲ್ಲ, ಅಷ್ಟೆ.

ಇಪ್ಪತ್ತಾರು ವರ್ಷಗಳ ಬಳಿಕ, 2017ರಲ್ಲಿ, ಅದೇ ಇಬ್ಬರು ಹದಿನೆಂಟು ಕಂತುಗಳಲ್ಲಿ ಕಥೆಯನ್ನು ಮುಂದುವರಿಸಿದರು. ವಯಸ್ಸಾದ ಕೂಪರ್ ಕಡೆಯಲ್ಲಿ ಅಸಾಧ್ಯವಾದುದಕ್ಕೆ ಕೈಹಾಕುತ್ತಾನೆ: ನಡೆದುಹೋದ ಕೊಲೆಯನ್ನು ನಡೆಯದಂತೆ ಮಾಡಲು ಹೊರಡುತ್ತಾನೆ. ಬೇರೆ ಹೆಸರಿನ, ಆದರೆ ಲಾರಾಳ ಮುಖವೇ ಇರುವ ಹೆಂಗಸೊಬ್ಬಳನ್ನು ಆ ಹಳೆಯ ಮನೆಯ ಮುಂದೆ ತಂದು ನಿಲ್ಲಿಸುತ್ತಾನೆ. ಬಾಗಿಲು ತೆರೆದವರಿಗೆ ಪಾಮರ್ ಎಂಬ ಹೆಸರೇ ತಿಳಿಯದು. ಪತ್ತೇದಾರ ಬೀದಿಯಲ್ಲಿ ದಿಕ್ಕೆಟ್ಟು ನಿಂತಿದ್ದಾನೆ. ಆಗ ಅವಳು ಆ ಮನೆಯನ್ನು ನೋಡಿ ಚೀರುತ್ತಾಳೆ, ದೀಪಗಳು ಆರುತ್ತವೆ. ಅಲ್ಲಿಗೆ ಕಥೆ ನಿಲ್ಲುತ್ತದೆ. ಲಿಂಚ್ 2025ರ ಜನವರಿಯಲ್ಲಿ ತೀರಿಕೊಂಡರು.

ಆ ಕೊನೆಯ ಚೀರನ್ನು ಕುರಿತು ಅಭಿಮಾನಿಗಳು ಮಾತಾಡುತ್ತಲೇ ಇದ್ದಾರೆ, ಮಾತಾಡಲಿ. ನನಗಂತೂ ಅದು ಬಿಡಿಸಬೇಕಾದ ಸುಳಿವಾಗಿ ಕೇಳಿಸುವುದಿಲ್ಲ. ನಮ್ಮ ಬೀದಿಗಳಲ್ಲೂ ಗೌರವಸ್ಥರ ಮನೆಗಳಿವೆ. ಅವುಗಳೊಳಗಿಂದ ಇಂಥದೊಂದು ದನಿ ಬಂದರೆ ಅದನ್ನು ಕೇಳಿಸಿಕೊಳ್ಳುವ ಕಿವಿ ನಮಗಿರಬೇಕು; ಅದೂ ಯಾರಾದರೂ ಪತ್ತೇದಾರ ಬರಬೇಕಾಗುವುದಕ್ಕೆ ಮೊದಲು.

(ಬಾನುಲಿ ಭಾಷಣ)